ಒಲೆಯ ಹೊಗೆಯೂ ತಾಯಿಯ ಉಸಿರೂ

ನಮ್ಮ ಊರಮನೆಯ ಅಡುಗೆಕೋಣೆಯ ತೊಲೆಗಳು ಕಾಡಿಗೆ ಬಳಿದಂತೆ ಕಪ್ಪಾಗಿದ್ದವು. ಬೆಳಗಿನ ಜಾವ ಐದು ಗಂಟೆಗೆ ನಮ್ಮ ತಾಯಿಯವರು ಒಲೆ ಹೊತ್ತಿಸುತ್ತಿದ್ದರು. ಬೇಸಿಗೆಯಲ್ಲಿ ಹತ್ತಿಕಟ್ಟಿಗೆ, ತೊಗರಿಕಟ್ಟಿಗೆ, ಮಳೆಗಾಲದಲ್ಲಿ ಹಸಿ ಜಾಲಿ, ವರ್ಷವಿಡೀ ಕುಳ್ಳು. ಊದುಗೊಳವೆಯಿಂದ ಊದಿ ಊದಿ ಅವರ ಕಣ್ಣುಗಳು ಕೆಂಪಾಗುತ್ತಿದ್ದವು. ಹದಿನಾಲ್ಕು ಜನರ ಕುಟುಂಬಕ್ಕೆ ಎರಡು ಹೊತ್ತಿನ ರೊಟ್ಟಿ ಬಡಿದು, ಬಚ್ಚಲ ಹಂಡೆಗೆ ಉರಿಯಿಟ್ಟು, ಬಂದವರಿಗೆಲ್ಲ ಚಹಾ ಕಾಯಿಸಿ ಕೊಡುವಷ್ಟರಲ್ಲಿ ದಿನಕ್ಕೆ ನಾಲ್ಕು ತಾಸಾದರೂ ಆ ಹೊಗೆಯಲ್ಲಿ ಕಳೆದುಹೋಗುತ್ತಿತ್ತು. ಮುಂಜಾನೆ ಅವರು ಕೆಮ್ಮುವ ಸದ್ದೇ ನಮ್ಮ ಮನೆಯ ಗಡಿಯಾರವಾಗಿತ್ತು. ಅದನ್ನು ಕೇಳಿ "ಅವ್ವ ಎದ್ದಳು" ಎಂದುಕೊಂಡು ನಾವು ಮಗ್ಗುಲು ಬದಲಿಸುತ್ತಿದ್ದೆವು. ಆ ಕೆಮ್ಮು ಒಂದು ಕಾಯಿಲೆಯೆಂದು ನಮ್ಮಲ್ಲಿ ಯಾರಿಗೂ ತೋಚಲಿಲ್ಲ.

ನಾನು ವೈದ್ಯಕೀಯ ಓದಿ ಪಟ್ಟಣದಲ್ಲಿ ನೆಲೆಸಿದೆ. ರಜೆಗೆ ಊರಿಗೆ ಹೋದಾಗಲೆಲ್ಲ ತಾಯಿಯವರ ದಿನಚರಿಯಲ್ಲಿ ಯಾವುದೋ ಒಂದು ಕೆಲಸ ಕಡಿಮೆಯಾಗಿರುತ್ತಿತ್ತು. ಮೊದಲು ಬುತ್ತಿ ಹೊತ್ತು ಹೊಲಕ್ಕೆ ಹೋಗುವುದು ನಿಂತಿತು. ಅನಂತರ ಅಟ್ಟ ಹತ್ತುವುದು ನಿಂತಿತು. ಒಂದು ವರ್ಷ "ಗದ್ದಲ ಬ್ಯಾಡ" ಎಂದು ಜಾತ್ರೆಯ ತೇರಿಗೆ ಬರಲಿಲ್ಲ. ಮರುವರ್ಷ ತಮ್ಮ ಸ್ವಂತ ತಂಗಿಯ ಮಗಳ ಮದುವೆಗೂ ಹೊರಡಲಿಲ್ಲ. ಪ್ರತಿಯೊಂದಕ್ಕೂ ಒಂದೊಂದು ಕಾರಣವಿತ್ತು. ಉಸಿರು ಸಾಲದೆಂಬ ಕಾರಣವನ್ನು ಮಾತ್ರ ಅವರು ಎಂದೂ ಬಾಯಿಬಿಟ್ಟು ಹೇಳಲಿಲ್ಲ. ನಾನಾದರೂ ಕೇಳಿದೆನೇ? "ವಯಸ್ಸಾಯಿತಲ್ಲ" ಎಂದು ಸಮಾಧಾನ ಮಾಡಿಕೊಂಡು, ಕೆಮ್ಮಿನ ಔಷಧಿಯ ಎರಡು ಸೀಸೆಗಳನ್ನು ಕೊಟ್ಟು ಬಸ್ಸು ಹತ್ತುತ್ತಿದ್ದೆ.

ಅವರ ಅರವತ್ತೆರಡನೆಯ ವಯಸ್ಸಿನಲ್ಲಿ, ಮಾರ್ಗಶಿರ ಮಾಸದ ಚಳಿಯಲ್ಲಿ, ನೆಗಡಿಯಾಗಿ ಎರಡೇ ದಿನಗಳಲ್ಲಿ ಉಸಿರು ಕಟ್ಟಿತು. ತುಟಿ ನೀಲಿಯಾಯಿತು. ಆಸ್ಪತ್ರೆಗೆ ಸೇರಿಸಿದೆವು. ಐದನೆಯ ದಿನ, ಅಪಾಯ ಕಳೆದ ಮೇಲೆ, ಹಿರಿಯ ಶ್ವಾಸಕೋಶ ತಜ್ಞರೊಬ್ಬರು ಬಂದು ಹಾಸಿಗೆಯ ಪಕ್ಕದಲ್ಲಿ ಕುಳಿತು ನನ್ನನ್ನು ಬಿಟ್ಟು ಅವರನ್ನೇ ಕೇಳಿದರು: "ತಾಯೀ, ಎಷ್ಟು ವರ್ಷದಿಂದ ಕಟ್ಟಿಗೆ ಒಲೆಯ ಮುಂದೆ ಕುಳಿತಿದ್ದೀರಿ?" ಅವ್ವ ಹೇಳಿದರು: "ಲಗ್ನ ಆದಾಗಿನಿಂದ." ಲಗ್ನವಾದಾಗ ಅವರಿಗೆ ಹದಿನಾರು ವರ್ಷ.

ವೈದ್ಯನಾದ ಮಗನು ಇಷ್ಟು ವರ್ಷ ಕೇಳದೆ ಉಳಿದ ಪ್ರಶ್ನೆ ಅದು. ಆ ಒಂದು ಪ್ರಶ್ನೆಯನ್ನು ನಿಮ್ಮ ಮನೆಯಲ್ಲಾದರೂ ಸಕಾಲದಲ್ಲಿ ಕೇಳುವಂತಾಗಲಿ ಎಂಬ ಉದ್ದೇಶದಿಂದ ಈ ತಿಂಗಳ ಅಂಕಣವನ್ನು ಈ ರೋಗಕ್ಕೆ ಮೀಸಲಿಟ್ಟಿದ್ದೇನೆ.

ರೋಗದ ಹೆಸರು ಮತ್ತು ಸ್ವರೂಪ

ವೈದ್ಯರು ಇದನ್ನು ಸಿ.ಓ.ಪಿ.ಡಿ. ಎಂದು ಕರೆಯುತ್ತಾರೆ. ಕನ್ನಡದಲ್ಲಿ ದೀರ್ಘಕಾಲಿಕ ಶ್ವಾಸಕೋಶ ಅಡಚಣೆಯ ರೋಗ ಎನ್ನಬಹುದು. ಹೆಸರಿನಲ್ಲಿಯೇ ಅರ್ಥವಿದೆ: ಇದು ಬಂದುಹೋಗುವ ಕಾಯಿಲೆಯಲ್ಲ, ಉಳಿಯುವ ಕಾಯಿಲೆ, ಗಾಳಿಯ ಹಾದಿಗೆ ಒದಗುವ ತಡೆ.

ನಮ್ಮ ಶ್ವಾಸನಾಳವು ತಲೆಕೆಳಗಾದ ಮರದಂತಿದೆ. ಕಾಂಡದಿಂದ ಕೊಂಬೆ, ಕೊಂಬೆಯಿಂದ ರೆಂಬೆ ಒಡೆಯುತ್ತ ಹೋಗಿ, ತುದಿಯಲ್ಲಿ ದ್ರಾಕ್ಷಿಗೊಂಚಲಿನಂತಹ ಗಾಳಿಚೀಲಗಳಿವೆ. ಇವುಗಳ ಸಂಖ್ಯೆ ಮೂವತ್ತು ಕೋಟಿಗೂ ಮಿಗಿಲು. ಆಮ್ಲಜನಕವು ರಕ್ತವನ್ನು ಸೇರುವುದು ಇಲ್ಲಿಯೇ. ವರ್ಷಗಟ್ಟಲೆ ಹೊಗೆ ಕುಡಿದ ಎದೆಯಲ್ಲಿ ಎರಡು ಬಗೆಯ ಹಾನಿಯಾಗುತ್ತದೆ. ಮೊದಲನೆಯದು, ಸಣ್ಣ ನಾಳಗಳ ಒಳಗೋಡೆ ಬಾತು ದಪ್ಪವಾಗಿ ಕಫ ಹೆಚ್ಚುತ್ತದೆ. ಕಫವನ್ನು ಮೇಲಕ್ಕೆ ಗುಡಿಸುವ ಸೂಕ್ಷ್ಮ ರೋಮಗಳು ಸೋಲುತ್ತವೆ. ಎರಡನೆಯದು, ಗಾಳಿಚೀಲಗಳ ನಡುವಿನ ತೆಳುಗೋಡೆಗಳು ಹರಿದು, ಹಲವು ಸಣ್ಣ ಚೀಲಗಳ ಬದಲು ಕೆಲವು ಜೋಲುಬಿದ್ದ ದೊಡ್ಡ ಚೀಲಗಳು ಉಳಿಯುತ್ತವೆ.

ಕಮ್ಮಾರನ ತಿದಿಯನ್ನು ನೆನೆಯಿರಿ. ತೊಗಲು ಗಟ್ಟಿಯಾಗಿದ್ದರೆ ಒಳಬಂದ ಗಾಳಿ ಪೂರ್ತಿ ಹೊರಹೋಗುತ್ತದೆ. ತೊಗಲು ಸಡಿಲಾಗಿ ಮೂತಿ ಕಿರಿದಾದರೆ ಗಾಳಿ ಒಳಗೇ ಉಳಿಯುತ್ತದೆ. ಈ ರೋಗಿಗಳ ತೊಂದರೆಯೂ ಅದೇ. ಅವರಿಗೆ ಗಾಳಿಯನ್ನು ಒಳಗೆಳೆಯುವುದಕ್ಕಿಂತ ಹೊರಹಾಕುವುದು ಕಷ್ಟ. ಹಳೆಯ ಗಾಳಿ ಎದೆಯಲ್ಲಿ ಉಳಿದಿರುವಾಗ ಹೊಸ ಗಾಳಿಗೆ ಸ್ಥಳವೆಲ್ಲಿ? ನಡೆಯುವಾಗ, ಮಾತನಾಡುವಾಗ, ಸ್ನಾನ ಮಾಡುವಾಗ ಉಸಿರಿನ ವೇಗ ಹೆಚ್ಚಿದಷ್ಟೂ ಈ ಉಳಿಕೆಯೂ ಹೆಚ್ಚಿ ಎದೆ ಬಿಗಿಯುತ್ತದೆ.

ಇದನ್ನು ಅಸ್ತಮಾದೊಂದಿಗೆ ಬೆರೆಸಬಾರದು. ಅಸ್ತಮಾ ಅನೇಕರಲ್ಲಿ ಬಾಲ್ಯದಲ್ಲಿಯೇ ಕಾಣಿಸಿ, ಬಂದು ಹೋಗುತ್ತಿರುತ್ತದೆ. ನಡುವಿನ ದಿನಗಳಲ್ಲಿ ರೋಗಿ ಬಹುತೇಕ ಆರೋಗ್ಯವಾಗಿರುತ್ತಾನೆ. ಸಿ.ಓ.ಪಿ.ಡಿ. ಸಾಮಾನ್ಯವಾಗಿ ನಲವತ್ತರ ನಂತರ ಕಾಣಿಸಿಕೊಂಡು, ನಿಧಾನವಾಗಿ ಏರುತ್ತ ಹೋಗುತ್ತದೆ. ಕೆಲವರಲ್ಲಿ ಎರಡೂ ಒಟ್ಟಿಗೆ ಇರುವುದುಂಟು.

ಧೂಮಪಾನಿಗಳ ರೋಗ ಮಾತ್ರವಲ್ಲ

ಬೀಡಿ, ಸಿಗರೇಟುಗಳು ಈ ರೋಗದ ದೊಡ್ಡ ಕಾರಣಗಳೆಂಬುದರಲ್ಲಿ ಸಂದೇಹವಿಲ್ಲ. ಆದರೆ ಅವನ್ನು ಎಂದೂ ಮುಟ್ಟದವರಿಗೆ ಈ ರೋಗ ಬರುವುದಿಲ್ಲವೆಂಬ ನಂಬಿಕೆ ನಮ್ಮ ಹೆಣ್ಣುಮಕ್ಕಳಿಗೆ ಬಹಳ ಅನ್ಯಾಯ ಮಾಡಿದೆ. ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಂತೆ ಶ್ರೀಮಂತ ದೇಶಗಳಲ್ಲಿ ಈ ರೋಗದ 70 ಶೇಕಡಾಕ್ಕೂ ಹೆಚ್ಚು ಪ್ರಕರಣಗಳಿಗೆ ಧೂಮಪಾನವೇ ಕಾರಣ. ನಮ್ಮಂತಹ ದೇಶಗಳಲ್ಲಿ ಅದರ ಪಾಲು 30ರಿಂದ 40 ಶೇಕಡಾ ಮಾತ್ರ; ಉಳಿದುದರಲ್ಲಿ ಮನೆಯೊಳಗಿನ ಹೊಗೆಯ ಪಾಲು ದೊಡ್ಡದು. 2021ರಲ್ಲಿ ಜಗತ್ತಿನಾದ್ಯಂತ ಸುಮಾರು 35 ಲಕ್ಷ ಜನರು ಈ ರೋಗದಿಂದ ತೀರಿಕೊಂಡರು. ನಮ್ಮ ದೇಶದಲ್ಲಿ 1990ರಲ್ಲಿ ಸುಮಾರು 2 ಕೋಟಿ 80 ಲಕ್ಷವಿದ್ದ ರೋಗಿಗಳ ಸಂಖ್ಯೆ 2016ರ ವೇಳೆಗೆ ಸುಮಾರು 5 ಕೋಟಿ 50 ಲಕ್ಷಕ್ಕೆ ಏರಿತ್ತೆಂದು 2018ರಲ್ಲಿ ಪ್ರಕಟವಾದ ಅಧ್ಯಯನವೊಂದು ಅಂದಾಜು ಮಾಡಿದೆ. ಇಲ್ಲಿ ಈ ರೋಗದ ಹೊರೆಯ ಅರ್ಧಕ್ಕಿಂತ ಹೆಚ್ಚು ಪಾಲು ವಾಯುಮಾಲಿನ್ಯದಿಂದ, ಕಾಲುಭಾಗದಷ್ಟು ತಂಬಾಕಿನಿಂದ ಎಂಬುದು ಅದೇ ಅಧ್ಯಯನದ ತೀರ್ಮಾನ. ಈ ವಾಯುಮಾಲಿನ್ಯವೆಂದರೆ ರಸ್ತೆಯ ಹೊಗೆ ಮಾತ್ರವಲ್ಲ, ಒಲೆಯ ಹೊಗೆಯೂ ಅದರಲ್ಲಿ ಸೇರಿದೆ.

ನಮ್ಮ ನಾಡಿನಲ್ಲಿಯೇ ನಡೆದ ಒಂದು ಕೆಲಸವನ್ನು ಇಲ್ಲಿ ಹೇಳಬೇಕು. ಮೈಸೂರಿನ ಜೆ.ಎಸ್.ಎಸ್. ವೈದ್ಯಕೀಯ ಕಾಲೇಜಿನ ವೈದ್ಯರು ಮೈಸೂರು ಜಿಲ್ಲೆಯ ಗ್ರಾಮೀಣ ಮಹಿಳೆಯರನ್ನು ಪರೀಕ್ಷಿಸಿ 2013ರಲ್ಲಿ ಒಂದು ವರದಿ ಪ್ರಕಟಿಸಿದರು. ಅದರಲ್ಲಿ ಬಳಸಿದ ಲೆಕ್ಕ ಸರಳವಾದುದು. ದಿನಕ್ಕೆ ಎಷ್ಟು ತಾಸು ಒಲೆಯ ಮುಂದೆ ಕಳೆಯುತ್ತೀರಿ ಎಂಬುದನ್ನು, ಎಷ್ಟು ವರ್ಷಗಳಿಂದ ಎಂಬುದರಿಂದ ಗುಣಿಸಬೇಕು. ಬಂದ ಸಂಖ್ಯೆ 60ನ್ನು ಮುಟ್ಟಿದಾಗ ದೀರ್ಘಕಾಲದ ಕೆಮ್ಮು ಕಫಗಳ ಬೇನೆ ತಗಲುವ ಸಂಭವ ಗಣನೀಯವಾಗಿ ಹೆಚ್ಚುತ್ತದೆಂದು ಅವರು ಕಂಡುಕೊಂಡರು. ದಿನಕ್ಕೆ ಮೂರು ತಾಸಿನಂತೆ ಇಪ್ಪತ್ತು ವರ್ಷವಾದರೆ ಅರವತ್ತಾಯಿತು. ನಮ್ಮ ತಾಯಿಯವರ ಲೆಕ್ಕವನ್ನು ನಾನು ಅನಂತರ ಮಾಡಿ ನೋಡಿದೆ: ನಾಲ್ಕು ತಾಸು, ನಲವತ್ತಾರು ವರ್ಷ, ಒಟ್ಟು 184. ಈ ಸಂಖ್ಯೆಯೇ ರೋಗನಿರ್ಣಯವಲ್ಲ. ಆದರೆ ಯಾರನ್ನು ಪರೀಕ್ಷೆಗೆ ಕರೆದೊಯ್ಯಬೇಕೆಂಬುದನ್ನು ತಿಳಿಸುವ ಕೈಮರ ಇದು. ಓದುವುದನ್ನು ಒಂದು ಗಳಿಗೆ ನಿಲ್ಲಿಸಿ, ನಿಮ್ಮ ಮನೆಯ ಹಿರಿಯ ಹೆಣ್ಣುಮಕ್ಕಳ ಲೆಕ್ಕವನ್ನು ಮಾಡಿ ನೋಡಿರಿ. ಜಾತ್ರೆ, ಮದುವೆಗಳಲ್ಲಿ ಸಾವಿರಾರು ಜನರಿಗೆ ಕಟ್ಟಿಗೆಯ ಒಲೆಯ ಮೇಲೆ ಅಡುಗೆ ಮಾಡುವ ಗಂಡಸರ ಲೆಕ್ಕವೂ ಕಡಿಮೆಯೇನಿರುವುದಿಲ್ಲ.

ಬೇರೆ ಕಾರಣಗಳೂ ಇವೆ. ಕಲ್ಲುಗಣಿ, ಸಿಮೆಂಟು, ಹತ್ತಿ, ಹಿಟ್ಟಿನ ಗಿರಣಿಗಳ ಧೂಳು. ಹಿಂದೆ ಕ್ಷಯರೋಗ ಬಂದು ಎದೆಯಲ್ಲಿ ಉಳಿದ ಗಾಯ. ಬಾಲ್ಯದಲ್ಲಿ ಮರಳಿ ಮರಳಿ ಬಂದ ನ್ಯುಮೋನಿಯ. ಸೊಳ್ಳೆಯ ಬತ್ತಿಯನ್ನು ನಾವು ನಿರಪಾಯಕಾರಿ ಎಂದು ಭಾವಿಸಿದ್ದೇವೆ. ಒಂದು ಬತ್ತಿ ಪೂರ್ತಿ ಉರಿದಾಗ ಹೊರಬೀಳುವ ಸೂಕ್ಷ್ಮ ಕಣಗಳು 75ರಿಂದ 137 ಸಿಗರೇಟುಗಳಿಗೆ ಸಮವೆಂದು 2003ರ ಪರೀಕ್ಷೆಯೊಂದು ತೋರಿಸಿತು. ಕಿಟಕಿ ಮುಚ್ಚಿದ ಕೋಣೆಯಲ್ಲಿ ಅದನ್ನು ಹಚ್ಚುವುದಕ್ಕಿಂತ ಸೊಳ್ಳೆಪರದೆ ಕಟ್ಟುವುದು ಲೇಸು. ಬಾಣಂತಿಯ ಕೋಣೆಯಲ್ಲಿ ಕೆಂಡವಿಟ್ಟು ಲೋಬಾನದ ಹೊಗೆ ಹಾಕುವ ಪದ್ಧತಿಯನ್ನೂ ಬಿಡುವುದು ಒಳ್ಳೆಯದು. ಎಳೆಯ ಕೂಸಿನ ಶ್ವಾಸಕೋಶ ಇನ್ನೂ ಬೆಳೆಯುತ್ತಿರುತ್ತದೆ.

ಗುರುತಿಸುವ ಬಗೆ

ಮೂರು ಲಕ್ಷಣಗಳು ಮುಖ್ಯ: ಬಹುಕಾಲದ ಕೆಮ್ಮು, ದಿನವೂ ಬೀಳುವ ಕಫ, ಕೆಲಸ ಮಾಡುವಾಗ ಬರುವ ಏದುಸಿರು. ಆದರೆ ನಮ್ಮ ಮನೆಗಳಲ್ಲಿ ರೋಗಿಗಳು ಏದುಸಿರನ್ನು ದೂರುವುದಿಲ್ಲ. ಏದುಸಿರು ತರುವ ಕೆಲಸವನ್ನೇ ಸದ್ದಿಲ್ಲದೆ ಬಿಟ್ಟುಬಿಡುತ್ತಾರೆ. ಆದುದರಿಂದ "ಉಸಿರು ಕಟ್ಟುತ್ತದೆಯೇ?" ಎಂದು ಕೇಳಿದರೆ ಸಾಲದು. "ಹೋದ ವರ್ಷ ಮಾಡುತ್ತಿದ್ದ ಯಾವ ಕೆಲಸವನ್ನು ಈ ವರ್ಷ ಬಿಟ್ಟಿರಿ?" ಎಂದು ಕೇಳಬೇಕು. ಓರಗೆಯವರೊಂದಿಗೆ ಸಮತಟ್ಟಾದ ದಾರಿಯಲ್ಲಿ ನಡೆಯುವಾಗ ಹಿಂದೆ ಬೀಳುತ್ತಾರೆಯೇ, ನಡುವೆ ನಿಲ್ಲುತ್ತಾರೆಯೇ ಎಂಬುದನ್ನು ಗಮನಿಸಬೇಕು.

ಎರಡು ವಾರ ಮೀರಿದ ಯಾವುದೇ ಕೆಮ್ಮಿಗೆ ಮೊದಲು ಕಫ ಪರೀಕ್ಷೆ ಮಾಡಿಸಿ ಕ್ಷಯರೋಗವಿಲ್ಲವೆಂಬುದನ್ನು ಖಚಿತಪಡಿಸಿಕೊಳ್ಳಬೇಕು. ಎದೆಯ ಕ್ಷಕಿರಣ ಚಿತ್ರ ಅವಶ್ಯವೇ ಆದರೂ ಸಿ.ಓ.ಪಿ.ಡಿ.ಯ ಆರಂಭದಲ್ಲಿ ಅದು ಸರಿಯಾಗಿಯೇ ಕಾಣಬಹುದು. ಈ ರೋಗವನ್ನು ನಿರ್ಧರಿಸುವ ಪರೀಕ್ಷೆ ಸ್ಪೈರೋಮೆಟ್ರಿ. ಇಂಗ್ಲೆಂಡಿನ ಜಾನ್ ಹಚಿನ್‌ಸನ್ ಎಂಬ ವೈದ್ಯನು 1846ರಲ್ಲಿಯೇ ಉಸಿರನ್ನು ಅಳೆಯುವ ಉಪಕರಣವನ್ನು ಜಗತ್ತಿಗೆ ಪರಿಚಯಿಸಿದ. ರೋಗಿಯು ಎದೆ ತುಂಬ ಗಾಳಿಯೆಳೆದು, ಒಂದು ಕೊಳವೆಯೊಳಗೆ ಸರ್ವಶಕ್ತಿಯಿಂದ ಊದಬೇಕು. ಒಟ್ಟು ಎಷ್ಟು ಗಾಳಿ ಹೊರಬಂತು, ಅದರಲ್ಲಿ ಮೊದಲನೆಯ ಸೆಕೆಂಡಿನಲ್ಲಿ ಎಷ್ಟು ಎಂಬುದನ್ನು ಯಂತ್ರ ತೋರಿಸುತ್ತದೆ. ಶ್ವಾಸನಾಳ ಹಿಗ್ಗಿಸುವ ಔಷಧಿ ಕೊಟ್ಟ ನಂತರವೂ ಮೊದಲ ಸೆಕೆಂಡಿನ ಗಾಳಿಯು ಒಟ್ಟು ಗಾಳಿಯ 70 ಶೇಕಡಾಕ್ಕಿಂತ ಕಡಿಮೆಯಿದ್ದರೆ ಅಡಚಣೆ ಉಳಿದಿದೆಯೆಂದು ಅರ್ಥ. ಸೂಜಿಯಿಲ್ಲ, ನೋವಿಲ್ಲ, ಕೆಲವೇ ನಿಮಿಷಗಳ ಕೆಲಸ. ರಕ್ತದೊತ್ತಡವನ್ನು ಅಳೆಯಿಸುವ ನಾವು ಉಸಿರನ್ನು ಅಳೆಯಿಸದಿರುವುದಕ್ಕೆ ಮರೆವಲ್ಲದೆ ಬೇರೆ ಕಾರಣ ಕಾಣದು.

ಮೊದಲು ಹೊಗೆ ನಿಲ್ಲಲಿ

ಹರಿದುಹೋದ ಗಾಳಿಚೀಲಗಳನ್ನು ಮತ್ತೆ ಹೆಣೆಯುವ ಔಷಧಿ ಇಂದಿಗೂ ಇಲ್ಲ. ಇದನ್ನು ಮರೆಮಾಚದೆ ಹೇಳುತ್ತೇನೆ. ಆದರೆ ಉಳಿದುದನ್ನು ಉಳಿಸಿಕೊಳ್ಳುವುದು ನಮ್ಮ ಕೈಯಲ್ಲಿದೆ. ಬ್ರಿಟನ್ನಿನ ಫ್ಲೆಚರ್ ಮತ್ತು ಪೀಟೋ ಎಂಬ ಸಂಶೋಧಕರು 1977ರಲ್ಲಿ ತೋರಿಸಿದಂತೆ, ಧೂಮಪಾನ ಬಿಟ್ಟವನಿಗೆ ಕಳೆದುಹೋದ ಶ್ವಾಸಶಕ್ತಿ ಮರಳದಿದ್ದರೂ ಮುಂದಿನ ಇಳಿಕೆಯ ವೇಗ ತಗ್ಗುತ್ತದೆ. ಐವತ್ತರಲ್ಲಿ ಬಿಟ್ಟರೂ, ಅರವತ್ತರಲ್ಲಿ ಬಿಟ್ಟರೂ ಲಾಭವಿದೆ. ಬಿಡಲಾರದವರಿಗೆ ನಿಕೋಟಿನ್ ಗಮ್ಮು ಮೊದಲಾದ ಔಷಧಿಗಳ ಸಹಾಯವುಂಟು. 1800-11-2356 ಎಂಬ ರಾಷ್ಟ್ರೀಯ ಸಹಾಯವಾಣಿಗೆ ಉಚಿತವಾಗಿ ಕರೆ ಮಾಡಿ ಸಲಹೆ ಪಡೆಯಬಹುದು.

ಒಲೆಯ ಮಾತಿಗೆ ಬರೋಣ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಅಮೂಲ್ಯ ರೆಡ್ಡಿಯವರ ನೇತೃತ್ವದಲ್ಲಿ 1974ರಲ್ಲಿ ಆರಂಭವಾದ 'ಅಸ್ತ್ರ' ಕೇಂದ್ರವು ರೂಪಿಸಿದ ಅಸ್ತ್ರ ಒಲೆ ನಮ್ಮ ಹಳ್ಳಿಗಳಿಗೆ ಬಂದುದನ್ನು ಹಿರಿಯರು ಬಲ್ಲರು. ಹೊಗೆಯನ್ನು ಕೊಳವೆಯ ಮೂಲಕ ಹೊರಕ್ಕೆ ಕಳುಹಿಸಿ ಕಟ್ಟಿಗೆಯನ್ನೂ ಉಳಿಸಿದ ಒಲೆ ಅದು. 2016ರ ಮೇ 1ರಂದು ಪ್ರಾರಂಭವಾದ ಉಜ್ವಲ ಯೋಜನೆಯಿಂದ ಬಡಕುಟುಂಬಗಳಿಗೂ ಅಡುಗೆ ಅನಿಲ ದೊರೆಯಿತು. ಆದರೂ ಹೊಗೆ ಮನೆಬಿಟ್ಟು ಹೋಗಿದೆಯೇ? ಅನೇಕ ಮನೆಗಳಲ್ಲಿ ಅನಿಲದ ಒಲೆ ಚಹಾಕ್ಕೆ, ಕಟ್ಟಿಗೆಯ ಒಲೆ ರೊಟ್ಟಿಗೆ. ಸಿಲಿಂಡರು ತೀರಿದರೆ ತುಂಬಿಸಲು ಹಣದ ಯೋಚನೆ. ಸಿರಿವಂತರ ಮನೆಯಲ್ಲಿಯೂ ಬಚ್ಚಲ ಹಂಡೆಗೆ ಕಟ್ಟಿಗೆಯೇ ಬೇಕು. ತೆಂಗಿನ ಗರಿ, ಹಳೆಯ ಕಾಗದ, ಕೆಲವೊಮ್ಮೆ ಪ್ಲಾಸ್ಟಿಕ್ ಚೀಲವೂ ಅದರ ಬಾಯಿಗೆ ಬೀಳುತ್ತವೆ. ಆ ಉರಿಯ ಮುಂದೆ ಕುಳಿತುಕೊಳ್ಳುವವರು ಬಹುಮಟ್ಟಿಗೆ ಮನೆಯ ಅಜ್ಜಿಯೇ. "ಕೆಲಸವಿಲ್ಲದೆ ಕುಳಿತಿದ್ದಾರೆ, ಉರಿ ನೋಡಿಕೊಳ್ಳಲಿ" ಎಂದು ನಾವೇ ಅವರನ್ನು ಅಲ್ಲಿಗೆ ಕಳುಹಿಸುತ್ತೇವೆ.

ಆದುದರಿಂದ ಉಸಿರಿನ ತೊಂದರೆಯುಳ್ಳವರು ಯಾವ ಬೆಂಕಿಯ ಮುಂದೆಯೂ ಕುಳಿತುಕೊಳ್ಳಬಾರದು. ಕಟ್ಟಿಗೆಯ ಒಲೆ ಅನಿವಾರ್ಯವಾದಲ್ಲಿ ಅದನ್ನು ಪಡಸಾಲೆಯ ಹೊರಗೆ ಅಥವಾ ಹೊಗೆಗೂಡಿನ ಕೆಳಗೆ ಇಡಬೇಕು. ಒಣಗಿದ ಕಟ್ಟಿಗೆಯನ್ನೇ ಬಳಸಬೇಕು. ಕಿಟಕಿ ಬಾಗಿಲು ತೆರೆದಿರಬೇಕು. ನೀರು ಕಾಯಿಸಲು ಸೌರಶಕ್ತಿಯ ಅಥವಾ ವಿದ್ಯುತ್ತಿನ ವ್ಯವಸ್ಥೆಯಾದರೆ ಉತ್ತಮ. ಹೊಸ ಮನೆ ಕಟ್ಟಿಸುವವರು ಪಡಸಾಲೆಯ ಅಂದಕ್ಕೆ ವೆಚ್ಚ ಮಾಡುವ ಹಣದಲ್ಲಿ ಒಂದಂಶವನ್ನು ಅಡುಗೆಮನೆಯ ಕಿಟಕಿಗೆ ಇಡಲಿ.

ಇನ್‌ಹೇಲರ್ ಕುರಿತ ಅಂಜಿಕೆ

ಚಿಕಿತ್ಸೆಯ ಬೆನ್ನೆಲುಬು ಇನ್‌ಹೇಲರ್, ಅಂದರೆ ಉಸಿರಿನೊಂದಿಗೆ ಒಳಗೆಳೆಯುವ ಔಷಧಿ. ನಮ್ಮಲ್ಲಿ ಇದರ ಬಗ್ಗೆ ಅಂಜಿಕೆ ಬಹಳ. "ಒಮ್ಮೆ ಹಿಡಿದರೆ ಚಟವಾಗುತ್ತದೆ", "ಅದು ಕಡೆಗಾಲದ ಮದ್ದು", "ಮಾತ್ರೆಗಿಂತ ಕಠಿಣ" ಎಂಬ ಮಾತುಗಳನ್ನು ನಾನು ದಿನವೂ ಕೇಳುತ್ತೇನೆ. ಮೂರೂ ತಪ್ಪು. ಸಾಲ್ಬುಟಮಾಲ್ ಎಂಬ ಔಷಧಿಯನ್ನೇ ನೋಡಿರಿ. ಒಂದು ಮಾತ್ರೆಯಲ್ಲಿ ಸಾಮಾನ್ಯವಾಗಿ 4 ಮಿಲಿಗ್ರಾಂ ಇರುತ್ತದೆ. ಇನ್‌ಹೇಲರಿನ ಒಂದು ಸಲದ ಅಳತೆಯಲ್ಲಿ ಇರುವುದು 100 ಮೈಕ್ರೋಗ್ರಾಂ. ಮಾತ್ರೆಯ ನಲವತ್ತರಲ್ಲಿ ಒಂದು ಪಾಲು. ಮಾತ್ರೆ ಹೊಟ್ಟೆ ಸೇರಿ, ರಕ್ತ ಸೇರಿ, ಮೈಯೆಲ್ಲ ಸುತ್ತಿ ಕಡೆಗೆ ಎದೆಗೆ ಬರುತ್ತದೆ. ಆದುದರಿಂದಲೇ ಕೈ ನಡುಗುತ್ತದೆ, ಎದೆ ಬಡಿದುಕೊಳ್ಳುತ್ತದೆ. ಇನ್‌ಹೇಲರ್ ನೇರವಾಗಿ ಬೇಕಾದಲ್ಲಿಗೇ ಹೋಗುತ್ತದೆ. ಕಣ್ಣಿನ ಬೇನೆಗೆ ಕಣ್ಣಿಗೇ ಮದ್ದು ಹಾಕುವಂತೆ ಎಂದು ತಿಳಿಯಿರಿ.

ಇನ್‌ಹೇಲರ್‌ಗಳಲ್ಲಿ ಎರಡು ಬಗೆಯುಂಟು. ತೊಂದರೆಯಾದ ಕೂಡಲೇ ಬಳಸುವಂತಹವು ಕೆಲವು. ತೊಂದರೆಯಿಲ್ಲದಿದ್ದರೂ ದಿನವೂ ಬಳಸಬೇಕಾದ, ದೀರ್ಘಕಾಲ ಕೆಲಸ ಮಾಡುವಂತಹವು ಕೆಲವು. ಎರಡನೆಯದನ್ನು "ಈಗ ಆರಾಮಿದೆ" ಎಂದು ನಿಲ್ಲಿಸಬಾರದು. ಯಾವುದು ಯಾರಿಗೆ ಎಂಬುದನ್ನು ವೈದ್ಯರೇ ನಿರ್ಧರಿಸಬೇಕು.

ಬಳಸುವ ಕ್ರಮವೂ ಔಷಧಿಯಷ್ಟೇ ಮುಖ್ಯ. ಒತ್ತುವ ಬಗೆಯ ಇನ್‌ಹೇಲರನ್ನು ಚೆನ್ನಾಗಿ ಅಲುಗಿಸಿ, ಉಸಿರನ್ನು ಪೂರ್ತಿ ಹೊರಬಿಟ್ಟು, ತುಟಿಗಳನ್ನು ಬಿಗಿಯಾಗಿ ಮುಚ್ಚಿ, ನಿಧಾನವಾಗಿ ಉಸಿರೆಳೆಯಲಾರಂಭಿಸಿದೊಡನೆ ಒತ್ತಬೇಕು. ಎದೆ ತುಂಬಿದ ಮೇಲೆ ಹತ್ತು ಎಣಿಸುವವರೆಗೆ ಉಸಿರು ಹಿಡಿಯಬೇಕು. ವಯಸ್ಸಾದವರಿಗೆ ಈ ಹೊಂದಿಕೆ ಕಷ್ಟವಾದರೆ ಸ್ಪೇಸರ್ ಎಂಬ ಡಬ್ಬಿಯನ್ನು ಜೋಡಿಸಿಕೊಳ್ಳಬೇಕು. ಪುಡಿಯ ಬಗೆಯದನ್ನು ಮಾತ್ರ ರಭಸದಿಂದ, ಆಳವಾಗಿ ಎಳೆಯಬೇಕು. ಪುಡಿ ತುಂಬಿದ ಗುಳಿಗೆಯನ್ನು ನೀರಿನೊಂದಿಗೆ ನುಂಗಿ "ಗುಣವಾಗಲಿಲ್ಲ" ಎಂದು ಬಂದವರು ಒಬ್ಬಿಬ್ಬರಲ್ಲ. ಸ್ಟೀರಾಯ್ಡ್ ಬೆರೆತ ಇನ್‌ಹೇಲರ್ ಬಳಸಿದ ಮೇಲೆ ಬಾಯಿ ಮುಕ್ಕಳಿಸಿ ಉಗುಳಬೇಕು. ಇಲ್ಲವಾದರೆ ಬಾಯಲ್ಲಿ ಹುಣ್ಣಾಗಬಹುದು.

ಶುಂಠಿ, ಮೆಣಸು, ತುಳಸಿಯ ಕಷಾಯದಿಂದ ಗಂಟಲಿಗೆ ಹಿತವಾಗುತ್ತದೆ, ಕುಡಿಯಲಿ, ಅಡ್ಡಿಯಿಲ್ಲ. ಆದರೆ ಅದು ಇನ್‌ಹೇಲರಿನ ಸ್ಥಾನವನ್ನು ತುಂಬಲಾರದು. ಹೆಸರಿಲ್ಲದ ಪುಡಿ, ಗುಳಿಗೆಗಳನ್ನು "ದಮ್ಮಿನ ಔಷಧಿ" ಎಂದು ಮಾರುವವರಿಂದ ದೂರವಿರಬೇಕು. ಅಂತಹವುಗಳಲ್ಲಿ ಸ್ಟೀರಾಯ್ಡ್ ಬೆರೆತಿರುವುದುಂಟು. ಕೂಡಲೇ ಆರಾಮವೆನಿಸಿ, ವರ್ಷಗಳಲ್ಲಿ ಸಕ್ಕರೆ ಕಾಯಿಲೆ, ಮೂಳೆಯ ಸವೆತ, ಕಣ್ಣಿನ ಪೊರೆಗಳನ್ನು ಅವು ತರುತ್ತವೆ.

ನಡಿಗೆ, ಉಸಿರಾಟ, ಆಹಾರ

ಏದುಸಿರು ಬರುತ್ತದೆಂದು ರೋಗಿಯನ್ನು ಹಾಸಿಗೆಯಲ್ಲಿ ಕೂರಿಸುವುದು ನಮ್ಮ ಪ್ರೀತಿಯ ತಪ್ಪು. ಕೂತಷ್ಟೂ ಕಾಲಿನ ಸ್ನಾಯುಗಳು ಸೊರಗುತ್ತವೆ; ಸೊರಗಿದ ಸ್ನಾಯು ಅದೇ ಕೆಲಸಕ್ಕೆ ಹೆಚ್ಚು ಉಸಿರು ಬೇಡುತ್ತದೆ; ಏದುಸಿರು ಇನ್ನೂ ಹೆಚ್ಚುತ್ತದೆ. ಈ ಸುಳಿಯಿಂದ ಹೊರಬರುವ ದಾರಿ ನಡಿಗೆ. ವೈದ್ಯರ ಸಲಹೆಯಂತೆ ದಿನವೂ ಸ್ವಲ್ಪ ಸ್ವಲ್ಪವೇ ಹೆಚ್ಚಿಸುತ್ತ, ನಡುವೆ ನಿಂತು, ಮತ್ತೆ ನಡೆಯಬೇಕು. ಆರರಿಂದ ಎಂಟು ವಾರಗಳಲ್ಲಿ ವ್ಯತ್ಯಾಸ ತಿಳಿಯುತ್ತದೆ.

ಏದುಸಿರು ಬಂದಾಗ ಗಾಬರಿಯಾಗದೆ ಹೀಗೆ ಮಾಡಬೇಕು: ಮೂಗಿನಿಂದ ಎರಡು ಎಣಿಸುವಷ್ಟು ಹೊತ್ತು ಗಾಳಿಯೆಳೆದು, ಬಿಸಿ ಹಾಲನ್ನು ಆರಿಸುವಾಗಿನಂತೆ ತುಟಿ ಕೂಡಿಸಿ ನಾಲ್ಕು ಎಣಿಸುವಷ್ಟು ಹೊತ್ತು ಮೆಲ್ಲಗೆ ಹೊರಬಿಡಬೇಕು. ಮೊಣಕೈಗಳನ್ನು ತೊಡೆಯ ಮೇಲೂರಿ ಮುಂದಕ್ಕೆ ಬಾಗಿ ಕುಳಿತರೆ ಮತ್ತಷ್ಟು ಸುಲಭ.

ಹೊಟ್ಟೆ ಬಿರಿಯುವಂತೆ ಉಂಡರೆ ವಪೆ ಮೇಲಕ್ಕೊತ್ತಿ ಉಸಿರಾಟ ಕಷ್ಟವಾಗುತ್ತದೆ. ಮೂರು ಊಟದ ಬದಲು ಐದಾರು ಸಲ ಸ್ವಲ್ಪ ಸ್ವಲ್ಪ ಉಣ್ಣಲಿ. ತೂಕ ಇಳಿಯುವುದು ಈ ರೋಗದಲ್ಲಿ ಒಳ್ಳೆಯ ಸೂಚನೆಯಲ್ಲ. ಬೇಳೆ, ಮೊಳಕೆಕಾಳು, ಶೇಂಗಾ, ಹಾಲು ಮೊಸರುಗಳು ಪ್ರತಿದಿನದ ಊಟದಲ್ಲಿರಲಿ. ಪ್ರತಿವರ್ಷ ಫ್ಲೂ ಲಸಿಕೆಯನ್ನು, ವೈದ್ಯರು ಹೇಳಿದಂತೆ ನ್ಯುಮೋನಿಯದ ಲಸಿಕೆಯನ್ನು ಹಾಕಿಸುವುದನ್ನು ಮರೆಯಬಾರದು.

ತಡಮಾಡಬಾರದ ಗಳಿಗೆ

ಈ ರೋಗದಲ್ಲಿ ಆಗಾಗ ಉಲ್ಬಣದ ದಿನಗಳು ಬರುತ್ತವೆ. ಏದುಸಿರು ಎಂದಿಗಿಂತ ಹೆಚ್ಚುವುದು, ಕಫದ ಪ್ರಮಾಣ ಹೆಚ್ಚುವುದು, ಕಫದ ಬಣ್ಣ ಹಳದಿ ಅಥವಾ ಹಸಿರಾಗುವುದು ಅದರ ಮೂರು ಸೂಚನೆಗಳು. ಅದೇ ದಿನ ವೈದ್ಯರನ್ನು ಕಾಣಬೇಕು. ತುಟಿ, ಉಗುರು ನೀಲಿಯಾದರೆ, ಒಂದು ವಾಕ್ಯವನ್ನು ಪೂರ್ತಿ ಆಡಲಾಗದಿದ್ದರೆ, ಮಂಕು ಕವಿದಂತಾದರೆ, ಬೆಳಗಾಗಲೆಂದು ಕಾಯದೆ ಆಸ್ಪತ್ರೆಗೆ ಹೊರಡಬೇಕು. ಪ್ರತಿ ಉಲ್ಬಣವೂ ಶ್ವಾಸಕೋಶದ ಒಂದಿಷ್ಟು ಶಕ್ತಿಯನ್ನು ಕೊಂಡೊಯ್ಯಬಹುದು. ಅದನ್ನು ತಡೆಯುವುದೇ ಚಿಕಿತ್ಸೆಯ ಅರ್ಧ ಗುರಿ.

ರೋಗ ಬಲಿತು ರಕ್ತದ ಆಮ್ಲಜನಕ ಸದಾ ಕಡಿಮೆಯಿರುವವರಿಗೆ ಮನೆಯಲ್ಲಿಯೇ ಆಮ್ಲಜನಕ ಕೊಡುವ ವ್ಯವಸ್ಥೆಯಿದೆ. ದಿನಕ್ಕೆ ಕನಿಷ್ಠ 15 ತಾಸು ಕೊಟ್ಟರೆ ಅಂತಹವರ ಆಯುಷ್ಯ ಹೆಚ್ಚುತ್ತದೆಂಬುದನ್ನು 1980 ಮತ್ತು 1981ರಲ್ಲಿ ಅಮೆರಿಕ ಹಾಗೂ ಬ್ರಿಟನ್ನಿನ ಅಧ್ಯಯನಗಳು ತೋರಿಸಿದವು. ಎಷ್ಟು ಪ್ರಮಾಣವೆಂಬುದನ್ನು ವೈದ್ಯರು ಹೇಳಿದಂತೆಯೇ ನಡೆಸಬೇಕು. ನಾವಾಗಿ ಹೆಚ್ಚಿಸಿದರೆ ಅಪಾಯ. ಆಮ್ಲಜನಕವಿರುವ ಕೋಣೆಯಲ್ಲಿ ದೀಪ, ಊದುಬತ್ತಿ, ಬೀಡಿ, ಒಲೆ ಯಾವುದೂ ಕೂಡದು. ದೇವರ ಜಗುಲಿ ಅದೇ ಕೋಣೆಯಲ್ಲಿದ್ದರೆ ರೋಗಿಯ ಹಾಸಿಗೆಯನ್ನು ಬೇರೆ ಕೋಣೆಗೆ ಒಯ್ಯಬೇಕು.

ಕೊನೆಯ ಮಾತು

ನಮ್ಮ ತಾಯಿಯವರ ಮೊದಲ ಸೆಕೆಂಡಿನ ಉಸಿರು, ಅವರ ವಯಸ್ಸಿಗೆ ಇರಬೇಕಾದುದರ ಅರ್ಧಕ್ಕಿಂತ ಕಡಿಮೆಯಿತ್ತು. ಊರಮನೆಯ ಕಟ್ಟಿಗೆಯ ಒಲೆಯನ್ನು ಅದೇ ವಾರ ತೆಗೆಸಿದೆವು. ಅವರು ಒಪ್ಪಲಿಲ್ಲ. "ಗ್ಯಾಸಿನ ಮ್ಯಾಲ ರೊಟ್ಟಿ ಉಬ್ಬೂದಿಲ್ಲ" ಎಂಬುದು ಅವರ ವಾದ. ಸೊಸೆಯಂದಿರು ಒಂದು ತಿಂಗಳು ಪ್ರಯತ್ನಿಸಿ ಉಬ್ಬಿಸಿ ತೋರಿಸಿದರು. ಇನ್‌ಹೇಲರ್, ನಡಿಗೆ, ಲಸಿಕೆಗಳು ನಡೆದವು. ಮರುವರ್ಷ ಅವರು ಜಾತ್ರೆಗೆ ಬಂದರು. ದಾರಿಯಲ್ಲಿ ನಾಲ್ಕು ಕಡೆ ಕುಳಿತರು. ಆದರೆ ತೇರು ಎಳೆಯುವುದನ್ನು ಕಣ್ಣಾರೆ ಕಂಡರು. ಆ ನಂತರ ಏಳು ವರ್ಷ ಬದುಕಿದ್ದರು. ರೋಗ ವಾಸಿಯಾಗಲಿಲ್ಲ, ಆದರೆ ಬಿಟ್ಟುಕೊಟ್ಟಿದ್ದ ಎಷ್ಟೋ ಸಂಗತಿಗಳು ಮರಳಿದವು. ಹತ್ತು ವರ್ಷ ಮೊದಲು ಕೇಳಿದ್ದರೆ ಇನ್ನೆಷ್ಟು ಉಳಿಯುತ್ತಿತ್ತೋ ಎಂಬ ಪ್ರಶ್ನೆ ಮಾತ್ರ ನನ್ನಲ್ಲಿಯೇ ಉಳಿದಿದೆ.

ಬಂಧುಗಳೇ, ನಮ್ಮನ್ನೆಲ್ಲ ಉಣಿಸಿ ಬೆಳೆಸಿದ ಬೆಂಕಿಯ ಹೊಗೆಯನ್ನು ನಮ್ಮ ಪಾಲಿಗೂ ಸೇರಿಸಿ ಅವರೊಬ್ಬರೇ ಕುಡಿದಿದ್ದಾರೆ. ಇಂದು ಸಂಜೆ ಅವರ ಪಕ್ಕದಲ್ಲಿ ಕುಳಿತು ಮೂರು ಮಾತು ಕೇಳಿರಿ: ಎಷ್ಟು ವರ್ಷ ಒಲೆಯ ಮುಂದೆ ಕುಳಿತಿರಿ? ಬೆಳಗಿನ ಕೆಮ್ಮು ಎಂದಿನಿಂದ? ಹೋದ ವರ್ಷ ಮಾಡುತ್ತಿದ್ದ ಯಾವ ಕೆಲಸವನ್ನು ಈ ವರ್ಷ ಬಿಟ್ಟಿರಿ? ಉತ್ತರ ಬರುವವರೆಗೆ ಎದ್ದುಹೋಗಬೇಡಿರಿ. "ಏನಿಲ್ಲ ಬಿಡು, ವಯಸ್ಸಾತು" ಎಂದು ಅವರು ಹೇಳಬಹುದು. ಆ ಮಾತನ್ನು ಮಾತ್ರ ನಂಬದೆ, ಮರುದಿನವೇ ಅವರ ಉಸಿರನ್ನು ಅಳೆಯಿಸಲು ಕರೆದುಕೊಂಡು ಹೋಗಿರಿ.